ಕೂಗನ್ನುಳಿದು ಮಿಕ್ಕೆಲ್ಲ

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ಮೇಲೆ ಸುಮಾರು ಎರಡು ದಶಕಗಳ ಕಾಲ ಟೆಕ್ಸಾಸಿನ ಹುಲ್ಲುಗಾವಲುಗಳಿಂದ ಕಾನ್ಸಾಸಿನ ರೈಲು ನಿಲ್ದಾಣಗಳವರೆಗೆ ಲಕ್ಷಾಂತರ ದನಗಳನ್ನು ನಡೆಸಿಕೊಂಡು ಹೋದ ಕೌಬಾಯ್‌ಗಳು, ಅಂದರೆ ಕುದುರೆಯೇರಿದ ಕೂಲಿ ದನಗಾಹಿಗಳು, ದಾರಿಯಲ್ಲಿ ಬಯಲು ಬೆಂಕಿಯ ಮೇಲೆ ಬೇಯಿಸಿ ಉಣ್ಣುತ್ತಿದ್ದ ಎಳಗರುವಿನ ಮಾಂಸದ ಸಾರಿಗೆ ಅವರವರಲ್ಲಿ ಒರಟಾದ ಬೈಗುಳದ ಹೆಸರೊಂದಿತ್ತು. ಮರ್ಯಾದೆಯ ಮಂದಿ ಇರುವೆಡೆ ಅದನ್ನೇ ತುಸು ಸೋಸಿ ‘ಸನ್ ಆಫ್ ಎ ಗನ್ ಸ್ಟ್ಯೂ’ ಎನ್ನುತ್ತಿದ್ದರು. ಈ ಅಡುಗೆಗೆ ಏನೇನು ಬೀಳುತ್ತದೆ ಎಂದು ಕೇಳಿದವರಿಗೆ ಸಿಗುತ್ತಿದ್ದ ಸಿದ್ಧ ಉತ್ತರವೂ ಒಂದಿತ್ತು. ಕರುವಿನ ಕೂದಲು, ಕೊಂಬು, ಕೂಗು ಈ ಮೂರನ್ನುಳಿದು ಮಿಕ್ಕೆಲ್ಲವೂ ಬೀಳುತ್ತದೆ ಎಂಬುದು ಅದರ ಸಾರ. ಮೂಲದಲ್ಲಿ ಮೂರೂ ಹಕಾರದಿಂದ ಮೊದಲಾಗುವ ಮಾತುಗಳು. ಕನ್ನಡಕ್ಕೆ ಬಂದಾಗ ಅವು ಯಾರ ಒತ್ತಾಯವೂ ಇಲ್ಲದೆ ಕಕಾರದಲ್ಲಿ ಕೂಡಿಕೊಳ್ಳುತ್ತವೆ. ನಗೆಯ ಮಾತೇ ಆದರೂ ಇದರ ಮೂರನೆಯ ಪದ ಮೊದಲೆರಡರ ಜಾತಿಯದಲ್ಲ. ಕೂದಲೂ ಕೊಂಬೂ ಹಲ್ಲಿಗೆ ಒಗ್ಗವೆಂದು ಹೊರಗುಳಿಯುತ್ತವೆ. ಕೂಗು ಹೊರಗುಳಿಯುವುದಕ್ಕೆ ಕಾರಣ ಬೇರೆ. ಪಾತ್ರೆ ಒಲೆಯೇರುವ ಮೊದಲೇ ಅದು ಮುಗಿದುಹೋಗಿರುತ್ತದೆ, ಮುಗಿದುಹೋಗದೆ ಪಾತ್ರೆ ಒಲೆಯೇರುವುದೂ ಇಲ್ಲ. ಹಗಲಿರುಳು ಕಾಯ್ದ ಪ್ರಾಣಿಯನ್ನು ಕಾಯ್ದವನೇ ಕೊಂದು ಉಣ್ಣುವುದರ ಅರ್ಥವೇನು ಎಂಬ ಪ್ರಶ್ನೆಯನ್ನು ಧರ್ಮಗ್ರಂಥಗಳೂ ತತ್ತ್ವಶಾಸ್ತ್ರವೂ ನಾನಾ ಬಗೆಯಲ್ಲಿ ಎತ್ತಿವೆ. ಅವು ಕೊಟ್ಟ ಉತ್ತರಗಳಲ್ಲಿ ಹೆಚ್ಚಿನವು ಈ ಕೂಗನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತೊಡಕಿಗೆ ಬಿದ್ದಿವೆ.

ಈ ಅಡುಗೆಯ ನೆಲೆ ಚಕ್‌ವ್ಯಾಗನ್. ಚಕ್ ಎಂದರೆ ದನಗಾಹಿಗಳ ಆಡುಮಾತಿನಲ್ಲಿ ಊಟ. ಚಾರ್ಲ್ಸ್ ಗುಡ್‌ನೈಟ್ ಎಂಬ ದನದೊಡೆಯ 1866ರಲ್ಲಿ ಸೈನ್ಯದ ಹಳೆಯ ಬಂಡಿಯೊಂದರ ಹಿಂಬದಿಗೆ ಖಾನೆಗಳುಳ್ಳ ಮರದ ಪೆಟ್ಟಿಗೆಯನ್ನು ಕೂರಿಸಿ, ಅದರ ಮುಚ್ಚಳವನ್ನು ಕೆಳಕ್ಕೆ ಇಳಿಸಿದರೆ ಅಡುಗೆಯ ಮೇಜಾಗುವಂತೆ ಮಾಡಿಸಿದ್ದು ಇದರ ಮೊದಲ ರೂಪವೆಂದು ಹೇಳಲಾಗುತ್ತದೆ. ಹಿಟ್ಟು, ಬೀನ್ಸ್ ಕಾಳು, ಉಪ್ಪು ಹಾಕಿದ ಹಂದಿಮಾಂಸ, ಒಣಗಿಸಿದ ಸೇಬು, ಕಾಫಿ ಇವು ಅದರ ಸರಕು. ಸುತ್ತ ಎರಡು ಮೂರು ಸಾವಿರ ದನಗಳ ಮಂದೆಯಿದ್ದರೂ ಅದನ್ನು ಕಾಯುವ ಹತ್ತು ಹನ್ನೆರಡು ಮಂದಿಯ ದಿನನಿತ್ಯದ ಊಟ ಹಂದಿಮಾಂಸವೂ ಕಾಳೂ ಆಗಿದ್ದುದು ವಿಚಿತ್ರವೆನಿಸಬಹುದು. ಆದರೆ ಮಂದೆ ಒಡೆಯನದು, ಒಂದೊಂದು ತಲೆಗೂ ರೈಲು ನಿಲ್ದಾಣದಲ್ಲಿ ಬೆಲೆಯಿತ್ತು, ಕಾಯುವವನಿಗೆ ತಿಂಗಳ ಸಂಬಳ ಮಾತ್ರ. ಎಳಗರುವಿಗೆ ಮಾತ್ರ ಆ ಬೆಲೆ ಇರಲಿಲ್ಲ. ದಿನಕ್ಕೆ ಹತ್ತು ಹದಿನೈದು ಮೈಲಿ ನಡೆಯಲಾರದ ಅದು ಮಂದೆಗೇ ಹೊರೆ. ಹೀಗೆ ಲೆಕ್ಕದ ಪುಸ್ತಕದಲ್ಲಿ ಸೊನ್ನೆಯಾದದ್ದೇ ಅಡುಗೆಯವನ ಕೈಗೆ ಬರುತ್ತಿತ್ತು. ಮರ ಕಾಣದ ಬಯಲಿನಲ್ಲಿ ಉರುವಲೂ ದನದ್ದೇ, ಅಂದರೆ ಒಣಗಿದ ಸಗಣಿ. ಬೆರಣಿಯಂತೆ, ಉತ್ತರ ಕರ್ನಾಟಕದ ಕುಳ್ಳಿನಂತೆ ತಟ್ಟಿದ್ದಲ್ಲ, ಬಿದ್ದಲ್ಲೇ ಬಿಸಿಲಿಗೆ ಕಾದು ಹಗುರಾದದ್ದು. ಅದನ್ನು ಆಯ್ದು ತುಂಬಲು ಬಂಡಿಯ ಅಡಿಯಲ್ಲಿ ಜೋಲಿಯಂತೆ ಬಿಗಿದ ತೊಗಲು ಕೂಡ ದನದ್ದು. ಒಂದು ಕರು ತನ್ನ ಕುಲದ ತೊಗಲಿನಲ್ಲಿ ಹೊತ್ತು ತಂದ ತನ್ನ ಕುಲದ ಸಗಣಿಯ ಬೆಂಕಿಯಲ್ಲಿ ಬೇಯುತ್ತಿತ್ತು.

ಬೇಯಿಸುವ ಕ್ರಮದಲ್ಲಿ ಒರಟುತನವೇನೂ ಇರಲಿಲ್ಲ. ಎರಕದ ಕಬ್ಬಿಣದ ಮೂರು ಕಾಲಿನ, ಬಿಗಿ ಮುಚ್ಚಳದ ಪಾತ್ರೆಯನ್ನು (ಅದನ್ನು ಡಚ್ ಅವನ್ ಎನ್ನುತ್ತಾರೆ) ಕೆಂಡದ ಮೇಲೆ ನಿಲ್ಲಿಸಿ, ಕರುವಿನ ಕೊಬ್ಬನ್ನೇ ಕರಗಿಸಿ, ಬೇಯಲು ಹೊತ್ತು ಹಿಡಿಯುವ ಗುಂಡಿಗೆಯನ್ನೂ ನಾಲಿಗೆಯನ್ನೂ ಮೊದಲು ಹೆಚ್ಚಿ ಹಾಕಿ, ಕತ್ತಿನ ಬಳಿಯ ಥೈಮಸ್ ಗ್ರಂಥಿ, ಬೋಟಿ ಇವುಗಳನ್ನು ಬಳಿಕ ಸೇರಿಸಿ, ಈಲಿಯನ್ನು, ಅಂದರೆ ಪಿತ್ತಜನಕಾಂಗವನ್ನು, ಹೆಚ್ಚಾದರೆ ಸಾರು ಕಹಿಯಾಗುವುದೆಂದು ಸ್ವಲ್ಪವೇ ಬಳಸಿ, ಕೊನೆಗೆ ಮೆದುಳನ್ನು ಕದಡಿ ಸಾರನ್ನು ಮಂದ ಮಾಡುವುದು ರೂಢಿ. ಉಪ್ಪು, ಖಾರ, ಸಿಕ್ಕರೆ ಒಂದು ಈರುಳ್ಳಿ. ಆಲೂಗೆಡ್ಡೆ, ಗಜ್ಜರಿ ಹಾಕಿದ್ದನ್ನು ಹಳಬರು ಈ ಹೆಸರಿಗೆ ತಕ್ಕದ್ದೆಂದು ಒಪ್ಪುತ್ತಿರಲಿಲ್ಲ. ಒಳ ಅಂಗಗಳಿಗೆ ಇಷ್ಟು ಪ್ರಾಶಸ್ತ್ಯ ಸಿಕ್ಕಿದ್ದಕ್ಕೆ ಸರಳವಾದ ಕಾರಣವಿದೆ. ತೊಡೆ, ಬೆನ್ನುಗಳ ಮಾಂಸವನ್ನು ರಾತ್ರಿಯ ತಂಪುಗಾಳಿಗೆ ತೂಗುಹಾಕಿ ಹಗಲು ಟಾರ್ಪಾಲಿನಲ್ಲಿ ಸುತ್ತಿಟ್ಟರೆ ಕೆಲವು ದಿನ ಕೆಡದೆ ಉಳಿಯುತ್ತದೆ, ಒಳ ಅಂಗಗಳು ಅಷ್ಟು ಹೊತ್ತು ಕಾಯುವುದಿಲ್ಲ. ಕೊಂದ ದಿನವೇ ಬೇಯಬೇಕಾದ್ದರಿಂದ ಈ ಸಾರು ಕೊಂದ ಜಾಗಕ್ಕೂ ಕೊಂದ ಗಳಿಗೆಗೂ ಅಂಟಿಕೊಂಡೇ ಇರುವ ಅಡುಗೆ. ಪೇಟೆಗೆ ಒಯ್ದು ಮಾರುವಂಥದಲ್ಲ.

ಇದರ ರುಚಿಯೆಲ್ಲ ಇರುವುದು ಮ್ಯಾರೋ ಗಟ್ ಎಂಬ ಭಾಗದಲ್ಲಿ ಎಂದು ಬಲ್ಲವರು ಹೇಳುತ್ತಿದ್ದರು. ಹೆಸರಿನಲ್ಲಿ ಮಜ್ಜೆಯಿದ್ದರೂ ಇದು ಮೂಳೆಗೆ ಸಂಬಂಧಿಸಿದ್ದಲ್ಲ. ಹಾಲು ಬಿಡದ ಕರುವಿನ ಜಠರದ ಎರಡು ಕೋಶಗಳನ್ನು ಕೂಡಿಸುವ ನಾಳವೆಂದು, ಅದರೊಳಗೆ ಮಜ್ಜೆಯಂತೆ ಮೆತ್ತಗೆ ತುಂಬಿಕೊಂಡಿರುವುದು ಅರೆ ಜೀರ್ಣವಾದ ತಾಯಿಯ ಹಾಲೆಂದು ಅವರು ವಿವರಿಸುತ್ತಿದ್ದರು. ಕರು ಹುಲ್ಲಿಗೆ ಬಾಯಿಹಾಕಿತೆಂದರೆ ಈ ನಾಳ ಕೆಲಸಕ್ಕೆ ಬಾರದು. ಆದುದರಿಂದ ಅದನ್ನು ತೊಳೆದು ಬರಿದು ಮಾಡದೆ, ಒಳಗಿನದರ ಸಮೇತ ಉಂಗುರಗಳಾಗಿ ಹೆಚ್ಚಿ ಹಾಕುತ್ತಿದ್ದರು. ಬೆಳಿಗ್ಗೆ ಕುಡಿದ ಹಾಲು ಸಂಜೆಯ ಸಾರಿಗೆ ರುಚಿ ಕೊಡುತ್ತಿತ್ತು.

ಇಲ್ಲಿ ಹೀಬ್ರೂ ಧರ್ಮಶಾಸ್ತ್ರದ ಒಂದು ಪುಟ್ಟ ನಿಷೇಧ ನೆನಪಾಗದೆ ಇರದು. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಕೂಡದು ಎಂಬ ವಿಧಿ ಬೈಬಲಿನ ವಿಮೋಚನಕಾಂಡದಲ್ಲಿ ಎರಡು ಸಲ, ಧರ್ಮೋಪದೇಶಕಾಂಡದಲ್ಲಿ ಒಂದು ಸಲ, ಹೀಗೆ ಮೂರು ಕಡೆ ಬರುತ್ತದೆ. ಯೆಹೂದ್ಯರು ಮಾಂಸವನ್ನೂ ಹಾಲನ್ನೂ ಒಂದೇ ಊಟದಲ್ಲಿ ಬೆರೆಸದಿರುವ ಇಡೀ ಆಚಾರ ಬೆಳೆದಿರುವುದು ಈ ಒಂದು ವಾಕ್ಯದಿಂದ. ಕಾರಣವನ್ನು ಮೂಲಗ್ರಂಥ ಹೇಳುವುದಿಲ್ಲ. ಇದು ಅನ್ಯದೇವತಾರಾಧನೆಯ ಯಾವುದೋ ಪದ್ಧತಿಯನ್ನು ತಡೆಯಲು ಬಂದ ನಿಯಮವಿರಬಹುದೆಂದು ಹನ್ನೆರಡನೆಯ ಶತಮಾನದ ಮೈಮೊನಿಡಿಸ್ ಊಹಿಸಿದರೆ, ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಅಲೆಕ್ಸಾಂಡ್ರಿಯದ ಫೈಲೊ, ಬದುಕಿದ್ದಾಗ ಯಾವುದು ಪೋಷಿಸಿತೋ ಅದನ್ನೇ ಸತ್ತ ಮೇಲೆ ಒಗ್ಗರಣೆಯಾಗಿ ಬಳಸುವುದು ತಕ್ಕುದಲ್ಲ ಎಂಬ ಅರ್ಥವನ್ನು ಕಂಡ. ಇವೆರಡರಲ್ಲಿ ಫೈಲೊವಿನ ವಿವರಣೆಯೇ ಹೆಚ್ಚು ನಾಟುತ್ತದೆ, ಏಕೆಂದರೆ ಅದು ಕೊಲ್ಲುವುದನ್ನು ನಿಷೇಧಿಸದೆ, ಕೊಂದ ಮೇಲೂ ಉಳಿಯಬೇಕಾದ ಒಂದು ಸಂಕೋಚವನ್ನು ಹೆಸರಿಸುತ್ತದೆ. ಹಾಲು ತಾಯಿ ಮರಿಗಳ ನಡುವಣ ಮಾತಿದ್ದಂತೆ, ಅದರ ನಡುವೆ ಮೂರನೆಯವನು ಚಮಚ ಹಾಕಬಾರದು. ಚಕ್‌ವ್ಯಾಗನ್ನಿನ ಅಡುಗೆಯವನು ಈ ವಿಧಿಯನ್ನು ಅಕ್ಷರಶಃ ಮುರಿದನೆನ್ನಲಾಗದು. ಹೊಟ್ಟೆಯೊಳಗೆ ಸಂಗ್ರಹವಾದ ಹಾಲನ್ನು ಆ ಪ್ರಾಣಿಯ ದೇಹದ ಅಂಶವೆಂದೆಣಿಸದೆ ಬೇರೆಯ ವಸ್ತುವೆಂದು ಕಾಣುವ ಸೂಕ್ಷ್ಮ ವಿಚಾರ ಯೆಹೂದ್ಯರ ನ್ಯಾಯಸಂಹಿತೆಯಾದ ಮಿಷ್ನಾದಲ್ಲಿಯೇ ಇದೆ. ಆದರೆ ಫೈಲೊ ಕಂಡ ಸಂಕೋಚವನ್ನು ಈ ಸಾರು ಮುರಿಯುತ್ತದೆ, ಅದೂ ರುಚಿಗಾಗಿಯೇ ಮುರಿಯುತ್ತದೆ.

ಕಾಯುವವನ ಕೈಯಲ್ಲಿ ಕತ್ತಿಯಿರುವುದು ಈ ಧರ್ಮಪರಂಪರೆಗೆ ಹೊಸದೇನಲ್ಲ. ಬೈಬಲಿನ ಮೊದಲ ಕುರುಬ ಹೇಬೆಲ, ತನ್ನ ಹಿಂಡಿನ ಚೊಚ್ಚಲ ಮರಿಗಳನ್ನು ಅರ್ಪಿಸಿ ದೇವರ ಮೆಚ್ಚುಗೆ ಪಡೆದವನು. ನೆಲ ಉತ್ತು ಬೆಳೆದದ್ದನ್ನು ತಂದ ಅಣ್ಣನಿಗೆ ಆ ಮೆಚ್ಚುಗೆ ಸಿಗಲಿಲ್ಲ. ಅದೇ ಗ್ರಂಥದ ಸೃಷ್ಟಿಯ ಕಥೆಯಲ್ಲಿ ಮನುಷ್ಯನಿಗೆ ಆಹಾರವೆಂದು ಕೊಟ್ಟದ್ದು ಕಾಳು ಮತ್ತು ಹಣ್ಣು. ಮಾಂಸಕ್ಕೆ ಅನುಮತಿ ಬಂದದ್ದು ಜಲಪ್ರಳಯದ ನಂತರ, ಅದೂ ರಕ್ತವನ್ನು ಬಿಡಬೇಕೆಂಬ ಷರತ್ತಿನ ಮೇಲೆ. ಕ್ರಿಸ್ತನೋ ಯೋಹಾನನ ಸುವಾರ್ತೆಯಲ್ಲಿ ತನ್ನನ್ನು ಕುರಿಗಳಿಗಾಗಿ ಪ್ರಾಣ ಕೊಡುವ ಒಳ್ಳೆಯ ಕುರುಬನೆಂದು ಕರೆದುಕೊಳ್ಳುತ್ತಾನೆ. ರಾತ್ರಿ ಪಾಳಿಯ ಕೌಬಾಯ್‌ಗಳು ಮಂದೆ ಬೆದರಿ ಓಡದಿರಲೆಂದು ಅದರ ಸುತ್ತ ನಿಧಾನವಾಗಿ ಕುದುರೆ ನಡೆಸುತ್ತ ಹಾಡುತ್ತಿದ್ದರು, ಆ ಹಾಡುಗಳಲ್ಲಿ ಚರ್ಚಿನ ಕೀರ್ತನೆಗಳೂ ಇರುತ್ತಿದ್ದವು. ಕುರುಬನ ರೂಪಕದಲ್ಲಿ ದೇವರನ್ನು ಕೊಂಡಾಡುವ ಧರ್ಮದ ಹಾಡನ್ನು ಕಸಾಯಿಖಾನೆಗೆ ಹೊರಟ ಮಂದೆಗೆ ಜೋಗುಳವಾಗಿ ಹಾಡುವುದರಲ್ಲಿ ಕಪಟವಿತ್ತೆಂದು ಹೇಳುವುದು ಸುಲಭ, ಆದರೆ ಅದು ಸರಿಯಾಗದು. ಕುರುಬನೆಂಬವನು ಎಂದೂ ಬರೀ ರಕ್ಷಕನಾಗಿರಲಿಲ್ಲ. ತೋಳನಿಂದ ಕುರಿಯನ್ನು ಉಳಿಸುವುದು ತನಗಾಗಿಯೇ ಎಂಬುದು ಆ ವೃತ್ತಿಯ ಮೊದಲ ಪಾಠ, ರೂಪಕ ಕಟ್ಟಿದವರು ಅದನ್ನು ಹೇಳದೆ ಬಿಟ್ಟರು.

ಈ ಇಕ್ಕಟ್ಟಿನಿಂದ ಪಾರಾಗಲು ಭಾರತೀಯ ಪರಂಪರೆಗಳು ಹುಡುಕಿದ ದಾರಿ ದೂರದ್ದು, ಅಂದರೆ ಕೊಲ್ಲುವ ಕೈಗೂ ಉಣ್ಣುವ ಕೈಗೂ ನಡುವಣ ಅಂತರವನ್ನು ಅಳೆಯುವ ದಾರಿ. ಪಾಲಿ ಬೌದ್ಧ ಸಾಹಿತ್ಯದ ಜೀವಕಸುತ್ತದಲ್ಲಿ ಬರುವ ತ್ರಿಕೋಟಿ ಪರಿಶುದ್ಧಿ ಎಂಬ ನಿಯಮದಂತೆ, ತನಗಾಗಿ ಪ್ರಾಣಿಯನ್ನು ಕೊಂದದ್ದನ್ನು ಭಿಕ್ಷು ಕಂಡಿರದಿದ್ದರೆ, ಕೇಳಿರದಿದ್ದರೆ, ಹಾಗೆಂದು ಶಂಕಿಸಿರದಿದ್ದರೆ ಭಿಕ್ಷೆಗೆ ಬಿದ್ದ ಮಾಂಸ ಶುದ್ಧ. ಮಹಾಭಾರತದ ವನಪರ್ವದ ಧರ್ಮವ್ಯಾಧ ಮಿಥಿಲೆಯಲ್ಲಿ ಮಾಂಸದಂಗಡಿ ಇಟ್ಟವನಾದರೂ, ತಾನು ಕೊಲ್ಲುವುದಿಲ್ಲ, ಪರರು ಕೊಂದದ್ದನ್ನು ಮಾರುತ್ತೇನಷ್ಟೇ, ತಿನ್ನುವುದೂ ಇಲ್ಲ ಎಂದು ಕೌಶಿಕನಿಗೆ ತಿಳಿಸುತ್ತಾನೆ. ಮನುಸ್ಮೃತಿ ಇದಕ್ಕೆ ಎದುರು ದಿಕ್ಕಿನಿಂದ ಹೊರಟು, ಒಪ್ಪಿಗೆ ಕೊಟ್ಟವನು, ಕಡಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ಉಂಡವನು ಎಲ್ಲರೂ ಘಾತಕರೇ ಎಂದು ಅಂತರವನ್ನೇ ಅಳಿಸಿಬಿಡುತ್ತದೆ. ಅದೇ ಸ್ಮೃತಿ ಯಜ್ಞದ ವಧೆಯನ್ನು ವಧೆಯಲ್ಲವೆಂದು ಹೊರಗಿಡುವುದನ್ನು ನೋಡಿದರೆ, ಒಂದು ಬಾಗಿಲು ಮುಚ್ಚಿದ ಕೈಯೇ ಇನ್ನೊಂದನ್ನು ತೆರೆದಿಟ್ಟಿತ್ತೆನ್ನಬೇಕಾಗುತ್ತದೆ. ಚಕ್‌ವ್ಯಾಗನ್ನಿನ ಬೆಂಕಿಯ ಸುತ್ತ ತಟ್ಟೆ ಹಿಡಿದು ಕೂತವರಿಗೆ ತ್ರಿಕೋಟಿಯ ಒಂದು ಕೋಟಿಯೂ ದಕ್ಕುವುದಿಲ್ಲ. ಕಂಡಿದ್ದಾರೆ, ಕೇಳಿದ್ದಾರೆ, ಶಂಕೆಗಂತೂ ಎಡೆಯೇ ಇಲ್ಲ. ಆ ನಿಯಮದ ಅಳತೆಯಲ್ಲಿ ಶುದ್ಧವಾಗಿ ಉಳಿದವನು ಆ ದನಗಳು ಷಿಕಾಗೋ ಸೇರಿ, 1880ರ ದಶಕದಲ್ಲಿ ಹಿಮದಿಂದ ತಣ್ಣಗಿರಿಸಿದ ರೈಲು ಡಬ್ಬಿಗಳಲ್ಲಿ ತುಂಡುಗಳಾಗಿ ಪೂರ್ವದ ನಗರಗಳಿಗೆ ಬಂದಾಗ ಅವನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೊಯ್ದವನು. ಭಿಕ್ಷುವಿನ ವಿನಯಕ್ಕಾಗಿ ರೂಪಿಸಿದ ನಿಯಮ ಗಿರಾಕಿಯ ನೆಮ್ಮದಿಗೆ ಹೀಗೆ ಒದಗಿಬಂದದ್ದು ಅದರ ದೋಷವಲ್ಲ. ಆದರೆ ಕಾಣದಿರುವುದನ್ನು ಶುದ್ಧಿಯ ಲಕ್ಷಣವೆಂದು ಒಮ್ಮೆ ಒಪ್ಪಿದರೆ, ಕಾಣದಂತೆ ಗೋಡೆ ಕಟ್ಟುವುದೂ ಪುಣ್ಯದ ಕೆಲಸವಾಗಿಬಿಡುತ್ತದೆ.

ಜೈನ ಚಿಂತನೆ ಈ ಗೋಡೆಯನ್ನು ಬೇರೊಂದು ಕಡೆಯಿಂದ ಒಡೆಯುತ್ತದೆ. ಸಂಕಲ್ಪಹಿಂಸೆ, ಅಂದರೆ ಕೈ ಮಾಡದಿದ್ದರೂ ಮನಸ್ಸು ಮಾಡಿದ ಹಿಂಸೆ, ಎಂಬ ವಿಚಾರವನ್ನು ಕನ್ನಡದಲ್ಲಿ ಕಥೆಯಾಗಿ ನಿಲ್ಲಿಸಿದ್ದು ಜನ್ನನ 1209ರ ‘ಯಶೋಧರ ಚರಿತೆ’. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಗೊಡುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ, ಅಲ್ಲಿಂದ ಅವನ ಭವಾವಳಿ, ಅಂದರೆ ಜನ್ಮದಿಂದ ಜನ್ಮಕ್ಕೆ ಪ್ರಾಣಿಯಾಗಿ ಅಲೆದು ಕೊಲೆಯಾಗುವ ಪಾಡು, ಮೊದಲಾಗುತ್ತದೆ. ಟೆಕ್ಸಾಸಿನ ನಗೆಮಾತನ್ನು ಇದರ ಪಕ್ಕ ಇಟ್ಟು ನೋಡಬೇಕು. ಅಲ್ಲಿ ಕೊಂದವರು ಪಾತ್ರೆಯಿಂದ ಕೂಗನ್ನು ಕಳೆದಿದ್ದಾರೆ, ಇಲ್ಲಿ ಕೊಲ್ಲಲೊಲ್ಲದವನ ಹಿಟ್ಟಿನೊಳಗಿಂದಲೂ ಕೂಗು ಎದ್ದಿದೆ. ಕೂಗು ಗಂಟಲಿನದಲ್ಲ, ಕತ್ತಿಯದು ಎಂಬುದನ್ನು ಜನ್ನ ಬಲ್ಲ. ಪೊಟ್ಟಣದ ಮಾಂಸ ಕೊಳ್ಳುವವನ ಸ್ಥಿತಿ ಇವೆರಡಕ್ಕೂ ಸೇರದು. ಅಲ್ಲಿ ಕೊಲೆ ಇದೆ, ಸಂಕಲ್ಪ ಯಾರದ್ದೆಂದು ಕೇಳಿದರೆ ತೋರಿಸಲು ಒಬ್ಬನೂ ಇಲ್ಲ.

ಹಾಗಾದರೆ ಕಣ್ಣೆದುರು ಕೊಂದು ಉಂಡದ್ದು ಹೆಚ್ಚು ಪ್ರಾಮಾಣಿಕವೆಂದು, ಆದ್ದರಿಂದ ಮೇಲೆಂದು ಹೇಳಬಹುದೇ? ಇಂದು ಬೇಟೆಯನ್ನೂ ಬಯಲಡುಗೆಯನ್ನೂ ಹೊಗಳಿ ಬರೆಯುವವರಲ್ಲಿ ಈ ವಾದ ಜನಪ್ರಿಯ. ಕರುವಿನ ಕಡೆಯಿಂದ ನೋಡಿದರೆ ಇದರಲ್ಲಿ ಹುರುಳಿಲ್ಲ. ಕೊಂದವನ ಪ್ರಾಮಾಣಿಕತೆ ಸತ್ತದ್ದಕ್ಕೆ ಯಾವ ಲಾಭವನ್ನೂ ತರುವುದಿಲ್ಲ. ಪೀಟರ್ ಸಿಂಗರ್ 1975ರ ‘ಅನಿಮಲ್ ಲಿಬರೇಶನ್’ ಕೃತಿಯಲ್ಲಿ ಮಂಡಿಸಿದಂತೆ ನೋವುಣ್ಣುವ ಶಕ್ತಿಯೇ ಒರೆಗಲ್ಲಾದರೆ ಕೊಂದವನು ಎದುರಿಗಿದ್ದನೇ ಮರೆಯಲ್ಲಿದ್ದನೇ ಎಂಬುದು ಲೆಕ್ಕಕ್ಕೇ ಬಾರದು. ಆದರೆ ಸಿಂಗರನ ಒರೆಗಲ್ಲು ದನಗಾಹಿಗಳ ನಡುವೆ ನಡೆದ ಒಂದು ಸಂಗತಿಯನ್ನು ವಿವರಿಸಲಾರದು.

ಗುಡ್‌ನೈಟನ ರಾಂಚಿನಲ್ಲಿ ಓಲ್ಡ್ ಬ್ಲೂ ಎಂಬ ಎತ್ತೊಂದಿತ್ತು. ಮಂದೆಯ ಮುಂದೆ ನಡೆದು ಉಳಿದವನ್ನು ಡಾಡ್ಜ್ ಸಿಟಿಯ ರೈಲು ನಿಲ್ದಾಣಕ್ಕೆ ಕರೆದೊಯ್ಯುವುದು ಅದರ ಕೆಲಸ. ಕೊರಳಿಗೆ ಗಂಟೆ, ರಾತ್ರಿ ಆ ಗಂಟೆಯ ನಾಲಗೆಯನ್ನು ಕಟ್ಟಿಬಿಡುತ್ತಿದ್ದರು. ಅದು ಮಂದೆಯೊಡನೆ ಮಲಗುತ್ತಿರಲಿಲ್ಲ, ಬಂಡಿಯ ಬಳಿ ಬಂದು ಆಳುಗಳ ಕೈಯಿಂದ ರೊಟ್ಟಿಯ ಚೂರು, ಒಣಸೇಬು, ಮಾಂಸದ ತುಣುಕನ್ನೂ ಕೂಡ ತಿನ್ನುತ್ತಿತ್ತು. ನೂರಾರು ದನಗಳನ್ನು ರೈಲು ಹತ್ತಿಸಿದ ಮೇಲೆ ಕುದುರೆಗಳೊಂದಿಗೆ ಮನೆಗೆ ಮರಳುತ್ತಿತ್ತು. ಸುಮಾರು 20 ವರ್ಷ ಬದುಕಿ ಸತ್ತ ಅದರ ಕೊಂಬುಗಳು ಟೆಕ್ಸಾಸಿನ ಕ್ಯಾನ್ಯನ್ ಊರಿನ ವಸ್ತುಸಂಗ್ರಹಾಲಯದಲ್ಲಿವೆ. ಓಲ್ಡ್ ಬ್ಲೂಗೆ ಮಂದೆಯ ಬೇರೆ ದನಗಳಿಗಿಂತ ಹೆಚ್ಚು ನೋವಾಗುತ್ತಿತ್ತೆಂದು ಯಾರೂ ಹೇಳಲಾರರು. ಅದಕ್ಕೆ ಹೆಸರಿತ್ತು, ಅದು ಅವರ ಊಟದಲ್ಲಿ ಪಾಲು ಪಡೆದಿತ್ತು. ಇದನ್ನು ತತ್ತ್ವಶಾಸ್ತ್ರದ ಭಾಷೆಯಲ್ಲಿ ಚೆನ್ನಾಗಿ ಹೇಳಿದವಳು ಕೋರಾ ಡೈಮಂಡ್. ಮಾಂಸ ತಿನ್ನುವುದನ್ನೂ ಮನುಷ್ಯರನ್ನು ತಿನ್ನುವುದನ್ನೂ ಕುರಿತ 1978ರ ಪ್ರಬಂಧದಲ್ಲಿ ಅವಳು, ಮನುಷ್ಯರು ಮನುಷ್ಯರನ್ನು ತಿನ್ನದಿರುವುದು ಅವರಿಗೆ ನೋವು ತಿಳಿಯುತ್ತದೆಂಬ ಕಾರಣದಿಂದಲ್ಲ, ಮನುಷ್ಯ ಎಂಬ ಕಲ್ಪನೆಯೊಳಗೇ ಅದು ಆಹಾರವಲ್ಲ ಎಂಬುದು ಸೇರಿಕೊಂಡಿದೆ, ಹೆಸರಿಟ್ಟು ಮನೆಯೊಳಗೆ ಬಿಟ್ಟುಕೊಂಡ ಪ್ರಾಣಿಯೂ ಆ ಕಲ್ಪನೆಯ ಅಂಚಿಗೆ ಬರುತ್ತದೆ ಎಂದು ವಾದಿಸಿದಳು. ಬೈಬಲಿನ ಪ್ರವಾದಿ ನಾಥಾನ ದಾವೀದನಿಗೆ ಹೇಳಿದ ಕಥೆಯಲ್ಲಿಯೂ ಇದೇ ಇದೆ. ಬಡವನ ಒಂದೇ ಒಂದು ಹೆಣ್ಣು ಕುರಿಮರಿ ಅವನ ತುತ್ತಿನಲ್ಲಿ ತಿಂದು, ಅವನ ಬಟ್ಟಲಿನಲ್ಲಿ ಕುಡಿದು, ಮಗಳಂತೆ ಬೆಳೆದಿತ್ತು. ಸಿರಿವಂತ ಅದನ್ನು ಹಿಡಿದು ಅತಿಥಿಗೆ ಅಡುಗೆ ಮಾಡಿಸಿದ. ಕೇಳಿದ ದಾವೀದ ಉರಿದೆದ್ದು ಸಿರಿವಂತನಿಗೆ ಮರಣದಂಡನೆಯೇ ತಕ್ಕುದೆನ್ನುತ್ತಾನೆ. ಬರೀ ಕುರಿಗಳ್ಳತನಕ್ಕೆ ಅಷ್ಟು ಕೋಪ ಬೇಕಿಲ್ಲ, ಅದಕ್ಕೆ ನಾಲ್ಕು ಪಾಲು ತೆರುವ ಕಾನೂನೇ ಇತ್ತು. ಒಂದೇ ತಟ್ಟೆಯಲ್ಲಿ ಉಂಡದ್ದನ್ನು ತಟ್ಟೆಗೆ ಹಾಕಿದ್ದು ಅವನನ್ನು ಕೆರಳಿಸಿತು.

ಈ ವಿವರಣೆಗೂ ಒಂದು ತೊಡಕಿದೆ, ಅದು ಬರುವುದು ಅದೇ ಬಯಲಿನ ಮೂಲನಿವಾಸಿಗಳಿಂದ. ಲಕೋಟ ಜನರ ಪಾಲಿಗೆ ಕಾಡೆಮ್ಮೆ, ಅಂದರೆ ಬೈಸನ್, ಬಂಧು. ಅವರ ಪವಿತ್ರ ಚಿಲುಮೆಯನ್ನು ತಂದುಕೊಟ್ಟವಳೇ ಬಿಳಿ ಬೈಸನ್ ಕರುವಿನ ರೂಪ ತಾಳಿದವಳು. ಆ ಬಂಧುವನ್ನೇ ಅವರು ಬೇಟೆಯಾಡಿ ಉಂಡರು, ತೊಗಲನ್ನು ಹೊದ್ದರು. ನೆಂಟತನಕ್ಕೂ ಆಹಾರಕ್ಕೂ ಇಲ್ಲಿ ವಿರೋಧವಿಲ್ಲ, ಏಕೆಂದರೆ ಉಣ್ಣುವವನು ತಾನೂ ಒಂದು ದಿನ ಹುಲ್ಲಾಗಿ ಅದೇ ಸರಪಣಿಗೆ ಸೇರುವವನು. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯ ಕೊನೆಯಲ್ಲಿ ಅರಿತವನು ತಾನೇ ಅನ್ನವೆಂದೂ ತಾನೇ ಅನ್ನವನ್ನು ಉಣ್ಣುವವನೆಂದೂ ಹಾಡುವುದು ಈ ಮಾತಿಗೆ ಬಲು ಹತ್ತಿರ. ಕೌಬಾಯ್‌ಗೆ ಈ ಸಮಾಧಾನವೂ ಇರಲಿಲ್ಲ. ಅವನ ಮಂದೆ ಮೇಯುತ್ತಿದ್ದುದು ಬೈಸನ್‌ಗಳನ್ನು ಕೊಂದು ತೆರವು ಮಾಡಿದ ಹುಲ್ಲನ್ನು; ಗುಡ್‌ನೈಟ್ 1866ರಲ್ಲಿ ತನ್ನ ಜೊತೆಗಾರ ಆಲಿವರ್ ಲವಿಂಗ್‌ನೊಡನೆ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರಿಗೆ ದನ ಹೊಡೆದುಕೊಂಡು ಹೋದದ್ದು, ಸರಕಾರ ಅಲ್ಲಿ ಕೂಡಿಹಾಕಿದ್ದ ಸಾವಿರಾರು ನವಾಹೊ ಜನರ ಊಟಕ್ಕೆಂದು ಕೊಳ್ಳುತ್ತಿದ್ದ ಮಾಂಸಕ್ಕಾಗಿ. ಬೆಂಕಿಯ ಸುತ್ತಣ ವರ್ತುಲಕ್ಕೆ ಎತ್ತೊಂದು ಬರಬಹುದಾಗಿದ್ದ ಕಾಲದಲ್ಲಿ ಬೇಲಿಯೊಳಗಿನ ಆ ಮನುಷ್ಯರು ಅದರ ಹೊರಗಿದ್ದರು.

ಎಳಗರುಗಳ ವಿಷಯದಲ್ಲಿ ಗುಡ್‌ನೈಟ್ ಕೊನೆಗೆ ಬೇರೆ ದಾರಿ ಹಿಡಿದ. ರಾತ್ರಿ ಹುಟ್ಟಿದ ಕರುಗಳನ್ನು ಬೆಳಗಾಗುತ್ತಲೇ ಕೊಲ್ಲುವುದು ದಾರಿಯ ರೂಢಿಯಾಗಿತ್ತು, ಆದರೆ ಕರು ಕಳೆದುಕೊಂಡ ಹಸುಗಳು ಮುಂದೆ ನಡೆಯದೆ ಹಿಂದಿನ ರಾತ್ರಿ ತಂಗಿದ ಜಾಗಕ್ಕೆ ತಿರುಗಿ ಓಡುತ್ತಿದ್ದವು, ಅವನ್ನು ಹಿಡಿದು ತರುವುದೇ ಆಳುಗಳಿಗೆ ಒಂದು ಕೆಲಸ. ಆದುದರಿಂದ ಅವನು ಕರುಗಳನ್ನು ಹೊರಲು ಒಂದು ಬಂಡಿ ಹೂಡಿದ. ಹಗಲೆಲ್ಲ ಒಟ್ಟಿಗಿದ್ದ ಕರುಗಳ ಮೈವಾಸನೆ ಬೆರೆತು, ಸಂಜೆ ಇಳಿಸಿದಾಗ ತಾಯಂದಿರು ಮೂಸಿ ನೋಡಿ ಒದ್ದು ದೂರ ಸರಿಸತೊಡಗಿದಾಗ, ಒಂದೊಂದು ಕರುವನ್ನೂ ಒಂದೊಂದು ಸಡಿಲ ಚೀಲದಲ್ಲಿ ಹಾಕಿ, ಚೀಲಗಳಿಗೆ ಸಂಖ್ಯೆ ಬರೆಸಿ, ಮರುದಿನ ಅದೇ ಕರು ಅದೇ ಚೀಲಕ್ಕೆ ಹೋಗುವಂತೆ ನೋಡಿಕೊಂಡ. ಇದು ಕರುಣೆಯೋ ವ್ಯವಹಾರವೋ ಎಂದು ಬಿಡಿಸಲು ಹೊರಡುವುದು ವ್ಯರ್ಥ. ಸಂಜೆ ಬಂಡಿ ನಿಂತಾಗ ಚೀಲಗಳ ಬಾಯಿ ಬಿಚ್ಚುತ್ತಿದ್ದರು, ಹಸುಗಳು ಹೆಸರಿಲ್ಲದ, ಸಂಖ್ಯೆ ಮಾತ್ರ ಇದ್ದ ತಮ್ಮ ತಮ್ಮ ಕರುಗಳನ್ನು ಕೂಗುತ್ತ ಬಂದು ಮೂಸಿ ಹಾಲುಣಿಸುತ್ತಿದ್ದವು, ಅಷ್ಟು ಹೊತ್ತಿಗೆ ಇನ್ನೊಂದು ಬಂಡಿಯ ಹಿಂದೆ ಅಡುಗೆಯವನು ಕೆಂಡ ಕೆದಕುತ್ತಿದ್ದ.